ಉಂಡ ಮೇಲೆ ಸಾವಿರ ಹೆಜ್ಜೆ: ಮಧುಮೇಹ ಮತ್ತು ದಂಪತಿಗಳ ನಡಿಗೆ

(ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು, ಅವರ ಕುಟುಂಬದವರು ಹಾಗೂ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಸಭೆಗೆ ಜೋಡಿಯಾಗಿಯೇ ಬರಬೇಕೆಂದು ಆಹ್ವಾನ ಪತ್ರದಲ್ಲಿ ತಿಳಿಸಲಾಗಿತ್ತು. ಬಹಳ ಮಂದಿ ಹಾಗೆಯೇ ಬಂದಿದ್ದಾರೆ. ಆದರೆ ಬಾಗಿಲು ದಾಟಿದ ಮೇಲೆ ತಾಯಂದಿರು ಎಡಗಡೆಗೂ ಯಜಮಾನರು ಬಲಗಡೆಗೂ ಹಂಚಿ ಹೋಗಿದ್ದಾರೆ. ಸಭೆಯಲ್ಲಿ ಅದು ರೂಢಿ, ತಪ್ಪೇನೂ ಇಲ್ಲ. ಆದರೂ ಇಂದಿನ ವಿಷಯ ಇವರಿಬ್ಬರೂ ದಿನಕ್ಕೆ ಅರ್ಧ ತಾಸು ಒಂದೇ ದಾರಿಯಲ್ಲಿ ನಡೆಯುವುದಕ್ಕೆ ಸಂಬಂಧಿಸಿದ್ದು. ಆದ್ದರಿಂದ ಕುರ್ಚಿಗಳ ನಡುವಿನ ಈ ಅಂತರವನ್ನು ಮೊದಲಿಗೇ ಗಮನಿಸುವುದು ಉಚಿತ.

ಮಧುಮೇಹವನ್ನು ಪಟ್ಟಣದವರ ಕಾಯಿಲೆ, ಕುಳಿತು ಉಣ್ಣುವವರ ಕಾಯಿಲೆ ಎಂದು ಭಾವಿಸುವ ಕಾಲ ಮುಗಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ದೇಶದಾದ್ಯಂತ 1,13,043 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದರ ಫಲಿತಾಂಶ 2023ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಗರಗಳಲ್ಲಿ ನೂರಕ್ಕೆ 16.4 ಜನರಿಗೆ ಈ ಕಾಯಿಲೆಯಿದ್ದರೆ ಗ್ರಾಮಗಳಲ್ಲಿ 8.9 ಜನರಿಗೆ ಇದೆ. ಇಲ್ಲಿಯವರೆಗೆ ಹಳ್ಳಿಗೆ ಸಮಾಧಾನದ ಲೆಕ್ಕವೇ. ಆದರೆ ಹೊಸ್ತಿಲಲ್ಲಿ ನಿಂತವರ ಲೆಕ್ಕ ನೋಡಿದರೆ ನಗರದಲ್ಲಿ ನೂರಕ್ಕೆ 15.4, ಗ್ರಾಮದಲ್ಲಿ 15.2. ಅಂದರೆ ನಾಳೆ ಕಾಯಿಲೆಗೆ ಒಳಗಾಗಬಹುದಾದವರ ಪ್ರಮಾಣದಲ್ಲಿ ಪಟ್ಟಣಕ್ಕೂ ಹಳ್ಳಿಗೂ ವ್ಯತ್ಯಾಸವೇ ಉಳಿದಿಲ್ಲ.

ಹೀಗಾಗಲು ಕಾರಣಗಳನ್ನು ದೂರದಲ್ಲಿ ಹುಡುಕಬೇಕಿಲ್ಲ. ಕೂಡ್ಲಿಗಿ ಸೀಮೆ ಬರದ ಸೀಮೆ. ಒಂದು ತಲೆಮಾರಿನ ಹಿಂದೆ ಇಲ್ಲಿನ ಹೆಣ್ಣುಮಕ್ಕಳು ನೀರಿಗಾಗಿ ಬೆಳಿಗ್ಗೆ, ಸಂಜೆ ಕೊಡ ಹೊತ್ತು ನಡೆಯುತ್ತಿದ್ದರು. ಗಂಡಸರು ಹೊಲಕ್ಕೆ, ಸಂತೆಗೆ ನಡೆದೇ ಹೋಗಿಬರುತ್ತಿದ್ದರು. ಇಂದು ಮನೆ ಮನೆಗೆ ಗಂಗೆ ಯೋಜನೆಯಲ್ಲಿ ನಲ್ಲಿ ಬಂದಿದೆ, ಅಂಗಳದಲ್ಲಿ ಬೈಕು ನಿಂತಿದೆ, ಒಕ್ಕಣೆಗೆ ಯಂತ್ರ ಬಂದಿದೆ. ಇವೆಲ್ಲವೂ ಬೇಕಾಗಿದ್ದ ಸೌಕರ್ಯಗಳೇ. ಕೊಡ ಹೊತ್ತು ಸೊಂಟ ಮುರಿದುಕೊಂಡ ತಾಯಂದಿರ ಎದುರಿಗೆ ಆ ದಿನಗಳೇ ಚೆನ್ನಾಗಿದ್ದವೆಂದು ಯಾರೂ ಹೇಳಬಾರದು. ಆದರೆ ದುಡಿಮೆಯೊಳಗೆ ತಾನಾಗಿ ಸೇರಿಕೊಂಡಿದ್ದ ನಡಿಗೆ ಹೊರಟುಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಊಟದಲ್ಲಿಯೂ ಜೋಳ, ರಾಗಿ, ನವಣೆಗಳು ಹಿಂದೆ ಸರಿದು ಅನ್ನದ ಪಾಲು ಹೆಚ್ಚಿತು.

ಈ ಕಾಯಿಲೆ ಒಬ್ಬರಿಗೆ ಬಂದರೆ ಮನೆಗೇ ಬಂದಂತೆ ಎಂಬುದು ಬರಿಯ ಮಾತಲ್ಲ. ಪತಿ ಅಥವಾ ಪತ್ನಿಗೆ ಮಧುಮೇಹವಿದ್ದರೆ ಇನ್ನೊಬ್ಬರಿಗೆ ಅದು ಬರುವ ಸಂಭವ ಶೇಕಡಾ 26ರಷ್ಟು ಹೆಚ್ಚೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ತೋರಿಸಿದರು. ಗಂಡಹೆಂಡಿರು ರಕ್ತಸಂಬಂಧಿಗಳಲ್ಲದಿದ್ದಾಗಲೂ ಹೀಗಾಗುವುದಕ್ಕೆ ಕಾರಣ ಅವರ ಒಲೆ ಒಂದು, ಉಪ್ಪು ಎಣ್ಣೆ ಒಂದು, ಮಲಗುವ ಏಳುವ ಹೊತ್ತು ಒಂದು, ಕೂರುವ ಕಟ್ಟೆಯೂ ಬಹುಮಟ್ಟಿಗೆ ಒಂದು. ಆದ್ದರಿಂದ ಆಶಾ ಕಾರ್ಯಕರ್ತೆಯರು ಮೂವತ್ತು ವರ್ಷ ದಾಟಿದವರ ನಮೂನೆ ತುಂಬಲು ಮನೆಗೆ ಬಂದಾಗ ಒಬ್ಬರೇ ಕುಳಿತು ಇನ್ನೊಬ್ಬರು ಹೊಲಕ್ಕೆ ಹೋಗಿದ್ದಾರೆಂದು ಹೇಳಿ ಕಳಿಸುವುದು ಸರಿಯಲ್ಲ. ಬರಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹದ ಸೂಚನೆ. ಇನ್ನೊಂದು ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು. 100ರಿಂದ 125ರ ನಡುವೆ ಬಂದವರು ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಿನಿಂದ ಹಿಂದಕ್ಕೆ ಬರಲು ಸಾಧ್ಯವಿದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಇಂತಹ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ನಡಿಗೆ ಮತ್ತು ಆಹಾರ ಕ್ರಮದಿಂದಲೇ ಕಾಯಿಲೆಯ ಸಂಭವ ಶೇಕಡಾ 28.5ರಷ್ಟು ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಇಳಿದದ್ದು ಶೇಕಡಾ 26.4. ಎರಡೂ ಹೆಚ್ಚು ಕಡಿಮೆ ಸಮ.

ನಡಿಗೆ ದೇಹದೊಳಗೆ ಮಾಡುವ ಕೆಲಸವನ್ನು ಊರಿನ ನೀರಿನ ವ್ಯವಸ್ಥೆಯ ಉದಾಹರಣೆಯಿಂದ ತಿಳಿಯಬಹುದು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ಟ್ಯಾಂಕಿಗೆ ಏರಿದ ನೀರು. ಆ ನೀರು ಓಣಿಗಳಿಗೆ ಹರಿಯಬೇಕಾದರೆ ನೀರುಗಂಟಿ ಬಂದು ವಾಲ್ವ್ ತಿರುಗಿಸಬೇಕು. ದೇಹದಲ್ಲಿ ನೀರುಗಂಟಿಯ ಕೆಲಸ ಇನ್ಸುಲಿನ್‌ನದು. ಮಧುಮೇಹದಲ್ಲಿ ಒಂದೋ ನೀರುಗಂಟಿ ಸಾಲದು, ಇಲ್ಲವೇ ವಾಲ್ವ್ ತುಕ್ಕು ಹಿಡಿದು ತಿರುಗದು. ಟ್ಯಾಂಕು ತುಂಬಿ ಮೇಲಿನಿಂದ ಹರಿದರೂ ಮನೆಗಳ ನಲ್ಲಿ ಒಣಗಿಯೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಗೆ ಸುಸ್ತು ಏಕೆಂಬುದಕ್ಕೆ ಇದೇ ಉತ್ತರ. ಕಾಲಿನ ದೊಡ್ಡ ಸ್ನಾಯುಗಳು ದುಡಿಯತೊಡಗಿದಾಗ ಅವು ನೀರುಗಂಟಿಗಾಗಿ ಕಾಯದೆ ತಮ್ಮದೇ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ನಡಿಗೆ ನಿಂತ ಮೇಲೆಯೂ ವಾಲ್ವ್ ಒಂದೆರಡು ದಿನ ಸಡಿಲವಾಗಿರುತ್ತದೆ, ಬಳಿಕ ಮತ್ತೆ ಬಿಗಿಯುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ನಡಿಗೆ ತಪ್ಪಬಾರದೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಯಾವ ಹೊತ್ತಿನಲ್ಲಿ ನಡೆಯಬೇಕು ಎಂಬ ಪ್ರಶ್ನೆ ಇದೆ. ಬೆಳಗಿನ ನಡಿಗೆ ಒಳ್ಳೆಯದೇ. ಆದರೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಮಧುಮೇಹವಿದ್ದ 41 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯ ಫಲ ಗಮನಾರ್ಹ. ದಿನದಲ್ಲಿ ಒಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಶೇಕಡಾ 12ರಷ್ಟು ಕಡಿಮೆಯಿತ್ತು. ರಾತ್ರಿಯ ಊಟದ ನಂತರವಂತೂ ಶೇಕಡಾ 22ರಷ್ಟು ಕಡಿಮೆ. ಈ ತಿಳಿವಳಿಕೆಗಾಗಿ ಕನ್ನಡ ನಾಡು ನ್ಯೂಜಿಲೆಂಡಿನವರೆಗೆ ಹೋಗಬೇಕಾಗಿಯೇ ಇರಲಿಲ್ಲ. ಉಂಡ ಮೇಲೆ ನೂರಡಿ ನಡೆಯುವವನಿಗೆ ವೈದ್ಯರ ಹಂಗಿಲ್ಲವೆಂಬ ಅರ್ಥದ ಮಾತು ಸರ್ವಜ್ಞನ ತ್ರಿಪದಿಯೊಂದರಲ್ಲಿ ಇದೆ. ಆದರೆ ನಿಮಿಷಕ್ಕೆ ನೂರು ಹೆಜ್ಜೆಯಂತೆ ನೂರಡಿ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಸರ್ವಜ್ಞನ ಕಾಲದವರು ದಿನವಿಡೀ ನಡೆದು ಬಂದು ಉಣ್ಣುತ್ತಿದ್ದರು, ಅವರಿಗೆ ಅಷ್ಟೇ ಸಾಕಾಗಿತ್ತು. ಈಗಿನವರು ಆ ಲೆಕ್ಕಕ್ಕೆ ಒಂದು ಸೊನ್ನೆ ಸೇರಿಸಿಕೊಳ್ಳಬೇಕು. ಸಾವಿರ ಹೆಜ್ಜೆ, ಹತ್ತು ನಿಮಿಷ.

ಇಷ್ಟು ಹೇಳಿದರೆ ಮಾತು ಸುಲಭವಾಗಿ ಮುಗಿಯಬೇಕು. ಮುಗಿಯುವುದಿಲ್ಲ. ಏಕೆಂದರೆ ರಾತ್ರಿ ಊಟದ ನಂತರ ಗಂಡ ಹೆಂಡತಿ ಕೂಡಿ ನಡೆಯಬೇಕಾದರೆ ಅವರಿಬ್ಬರೂ ಒಂದೇ ಹೊತ್ತಿಗೆ ಉಂಡಿರಬೇಕು.

ಹೊಸಹಳ್ಳಿ ಹೋಬಳಿಯ ಯಾವುದೇ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಎಂಟಕ್ಕೆ ಯಜಮಾನರಿಗೆ, ಅತ್ತೆ ಮಾವಂದಿರಿಗೆ ಎಲೆ ಹಾಕಲಾಗುತ್ತದೆ. ಆಮೇಲೆ ಮಕ್ಕಳು. ಹೊರಗೆ ಹೋದ ಮಗ ಒಂಬತ್ತಕ್ಕೆ ಬರುತ್ತಾನೆ, ಅವನಿಗೆ ಮುದ್ದೆ ಬಿಸಿಯಾಗಿರಬೇಕು. ಎಲ್ಲರದೂ ಆಗಿ, ಒಲೆಗೆ ನೀರು ಚಿಮುಕಿಸಿ, ಒಂಬತ್ತೂವರೆಗೆ ಆ ತಾಯಿ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಕೂರುತ್ತಾಳೆ. ಉಳಿದದ್ದು ಸಾಮಾನ್ಯವಾಗಿ ಅನ್ನ. ಪಲ್ಯ, ಕಾಳು ಅಷ್ಟರಲ್ಲಿ ತೀರಿರುತ್ತವೆ. ಉಂಡವಳೇ ಪಾತ್ರೆ ಎತ್ತಿಟ್ಟು ಹಾಸಿಗೆಗೆ ಒರಗುತ್ತಾಳೆ. ದಿನದ ದೊಡ್ಡ ಊಟ, ಅತ್ಯಂತ ತಡವಾಗಿ, ಅನ್ನವೇ ಹೆಚ್ಚಾಗಿ, ಉಂಡ ಕೂಡಲೇ ನಿದ್ದೆ. ಸಕ್ಕರೆ ಏರುವುದಕ್ಕೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆಯನ್ನು ಯಾರೂ ಬೇಕೆಂದು ಏರ್ಪಡಿಸಲಾರರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಂಖ್ಯೆ ನೋಡಿ, ಸಿಹಿ ತಿಂದಿರಾ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ಅವಳು ಹೇಳುವುದು ನಿಜವೇ.

ಯಜಮಾನರಿಗೆ ಶುಗರ್ ಬಂದ ಮನೆಯಲ್ಲಿ ಮರುದಿನವೇ ಚಹಾಕ್ಕೆ ಸಕ್ಕರೆ ನಿಲ್ಲುತ್ತದೆ, ರೊಟ್ಟಿ ಬಡಿಯಲು ಹೊಸದಾಗಿ ಜೋಳದ ಹಿಟ್ಟು ಬರುತ್ತದೆ, ಮಾತ್ರೆಯ ಹೊತ್ತಿಗೆ ನೀರಿನ ಲೋಟ ಕೈಗೆ ಬರುತ್ತದೆ. ಹೆಂಡತಿಗೆ ಶುಗರ್ ಬಂದ ಮನೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬಲಗಡೆ ಕುಳಿತಿರುವ ಯಜಮಾನರು ತಮ್ಮಷ್ಟಕ್ಕೆ ನೆನಪಿಸಿಕೊಂಡರೆ ಸಾಕು, ಉತ್ತರವನ್ನು ಗಟ್ಟಿಯಾಗಿ ಹೇಳಬೇಕಿಲ್ಲ. ಅವಳ ಮಾತ್ರೆಯನ್ನು ಅವಳೇ ನೆನಪಿಡಬೇಕು. ವಾರದ ಉಪವಾಸದ ದಿನ ಮಾತ್ರೆ ನುಂಗುವುದೋ ಬಿಡುವುದೋ ಎಂದು ಕೇಳಲೂ ಯಾರಿಲ್ಲ. ದಂಪತಿಗಳು ಪರಸ್ಪರ ನೆರವಾಗಬೇಕೆಂಬ ಮಾತಿನಲ್ಲಿ ಪರಸ್ಪರ ಎಂಬ ಪದಕ್ಕೆ ತೂಕ ಬರಬೇಕಾದದ್ದು ಇಲ್ಲಿ.

ಆದುದರಿಂದ ಯಜಮಾನರು ಮಾಡಬಹುದಾದ ಮೊದಲ ಸಹಾಯ ರಸ್ತೆಯ ಮೇಲಲ್ಲ, ಅಡುಗೆಮನೆಯಲ್ಲಿದೆ. ರಾತ್ರಿ ಎಂಟಕ್ಕೆ ಇಬ್ಬರಿಗೂ ತಟ್ಟೆ ಇಡುವುದು. "ನೀನೂ ಬಾ, ಕೂಡೇ ಉಣ್ಣೋಣ" ಎಂದು ಅವರು ಒಂದು ಮಾತು ಕರೆದರೆ ಅತ್ತೆಯವರ ಮುಂದೆ ಸೊಸೆಗೆ ಇರುವ ಸಂಕೋಚ ಅರ್ಧ ಇಳಿಯುತ್ತದೆ. ಆ ಮಾತನ್ನು ಅವಳು ತಾನಾಗಿ ಆಡಲಾರಳು. ತಡವಾಗಿ ಬರುವ ಮಗ ತಾನೇ ಬಡಿಸಿಕೊಳ್ಳಲಿ. ಪಾತ್ರೆಗಳು ಹತ್ತು ನಿಮಿಷ ಹಾಗೆಯೇ ಇರಲಿ. ಹೀಗೆ ಒಂದು ಹೊತ್ತಿನ ಊಟದ ಸಮಯ ಹಿಂದೆ ಬಂದರೆ ನಡಿಗೆಯಿಲ್ಲದೆಯೂ ಒಂದಿಷ್ಟು ಲಾಭವಿದೆ, ನಡಿಗೆ ಸೇರಿದರೆ ಇನ್ನೂ ಹೆಚ್ಚು.

ದಿನವೆಲ್ಲ ಹೊಲದಲ್ಲಿ ದುಡಿದವರಿಗೆ ಮತ್ತೆ ನಡಿಗೆ ಏಕೆಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಶೇಂಗಾ ಕೀಳುವ, ಕಳೆ ತೆಗೆಯುವ ದಿನಗಳಲ್ಲಿ ದೇಹಕ್ಕೆ ಬೇಕಾದ ದುಡಿಮೆ ಹೊಲದಲ್ಲೇ ಆಗಿರುತ್ತದೆ. ಅಂಥ ದಿನ ಅರ್ಧ ತಾಸಿನ ಹೆಚ್ಚುವರಿ ನಡಿಗೆ ಬೇಕಿಲ್ಲ. ರಾತ್ರಿಯ ಹತ್ತು ನಿಮಿಷ ಸಾಕು, ಅದನ್ನು ಮಾತ್ರ ಬಿಡಬಾರದು. ಆದರೆ ಮಳೆಯಾಶ್ರಿತ ಸೀಮೆಯಲ್ಲಿ ಹೊಲದ ಕೆಲಸ ವರ್ಷವಿಡೀ ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮುಂಗಾರಿನವರೆಗೆ ಕಟ್ಟೆಯ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ ಕಳೆಯುವ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆ ಬೇಕೆಂದು ಹೇಳಿರುವುದು ಎಲ್ಲ ವಾರಗಳಿಗೂ ಅನ್ವಯ.

ಜೋಡಿಯಾಗಿ ನಡೆದರೆ ಏನು ಹೆಚ್ಚು, ಒಬ್ಬೊಬ್ಬರೇ ನಡೆದರೆ ಆಗದೇ ಎಂಬುದಕ್ಕೆ ಉತ್ತರ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 3,722 ದಂಪತಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದಂತೆ, ಹೆಂಡತಿಯೂ ವ್ಯಾಯಾಮ ಆರಂಭಿಸಿದಾಗ ಚಟುವಟಿಕೆಯಿಲ್ಲದ ಗಂಡಂದಿರಲ್ಲಿ ನೂರಕ್ಕೆ 67 ಜನ ತಾವೂ ಆರಂಭಿಸಿದರು. ಹೆಂಡತಿ ಸುಮ್ಮನಿದ್ದಲ್ಲಿ ಆರಂಭಿಸಿದವರು 26 ಜನ ಮಾತ್ರ. ಹೆಂಗಸರ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಇತ್ತು. ಗಮನಿಸಬೇಕಾದದ್ದೆಂದರೆ, ಒಬ್ಬರಿಗೆ ಮೊದಲಿನಿಂದ ಅಭ್ಯಾಸವಿದ್ದು ಇನ್ನೊಬ್ಬರಿಗೆ ಉಪದೇಶ ಮಾಡುವುದಕ್ಕಿಂತ ಇಬ್ಬರೂ ಕೂಡಿಯೇ ಹೊಸದಾಗಿ ತೊಡಗುವುದು ಹೆಚ್ಚು ಫಲ ಕೊಟ್ಟಿತ್ತು. ಉಪದೇಶಕ್ಕೆ ಮನೆಯಲ್ಲಿ ಬೆಲೆ ಕಡಿಮೆಯೆಂಬುದು ಇಂಗ್ಲೆಂಡಿನಲ್ಲಿಯೂ ನಿಜವೆಂದಾಯಿತು.

ನಡೆಯುವ ವೇಗದ ವಿಷಯದಲ್ಲಿ ಒಂದು ತೊಡಕಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 72 ಜೋಡಿಗಳನ್ನು ನಡೆಸಿ ನೋಡಿದಾಗ, ಜೊತೆಯಲ್ಲಿ ನಡೆಯುವಾಗ ಇಬ್ಬರ ವೇಗವೂ ತಗ್ಗುತ್ತದೆ ಎಂದು ಕಂಡುಬಂತು. ಈ ಸೀಮೆಯಲ್ಲಿ ತೊಡಕು ಬೇರೆ ಬಗೆಯದು. ಇಲ್ಲಿ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಆತ ತಿರುಗಿ ನೋಡುವುದಿಲ್ಲ, ಆಕೆ ಕೂಗಿ ಕರೆಯುವುದಿಲ್ಲ. ಆಕೆಗೆ ತಲೆ ಸುತ್ತಿ ಕುಳಿತರೂ ಆತನಿಗೆ ತಿಳಿಯುವುದು ಮನೆಯ ಬಾಗಿಲಲ್ಲಿ. ಸರಿಯಾದ ವೇಗದ ಅಳತೆಯೆಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಈ ಅಳತೆಗೆ ಪಕ್ಕದಲ್ಲಿ ಮಾತಾಡುವವರೊಬ್ಬರು ಬೇಕು. ಆದ್ದರಿಂದ ಅಕ್ಕಪಕ್ಕದಲ್ಲಿ, ನಿಧಾನ ನಡೆಯುವವರು ಹೆದ್ದಾರಿಯ ಕಡೆಗಲ್ಲದೆ ಒಳಬದಿಗೆ ಇರುವಂತೆ ನಡೆಯುವುದು ಕ್ಷೇಮ. ರಾಷ್ಟ್ರೀಯ ಹೆದ್ದಾರಿ 50ರ ಅಂಚು ನಡಿಗೆಗೆ ತಕ್ಕ ಸ್ಥಳವೇ ಅಲ್ಲ; ಶಾಲೆಯ ಮೈದಾನ, ಕೆರೆಯ ಏರಿ, ಊರೊಳಗಿನ ಸಿಮೆಂಟ್ ರಸ್ತೆ ಉತ್ತಮ.

ಊರಿನ ಕಣ್ಣಿನ ಮಾತೂ ಇದೆ. ಐವತ್ತು ದಾಟಿದ ದಂಪತಿ ರಾತ್ರಿ ಹೊತ್ತು ಜೊತೆಯಾಗಿ ಹೊರಟರೆ ಕಟ್ಟೆಯ ಮೇಲಿನವರು ಏನಾದರೊಂದು ಅನ್ನುತ್ತಾರೆ. ನಗೆಯಾಡುವುದು ಒಂದು ವಾರ, ಹೆಚ್ಚೆಂದರೆ ಎರಡು ವಾರ. ಒಂದೇ ಓಣಿಯ ಮೂರು ನಾಲ್ಕು ಜೋಡಿಗಳು ಮಾತಾಡಿಕೊಂಡು ಒಟ್ಟಿಗೆ ಹೊರಟರೆ ನಗುವವರೇ ಕಡಿಮೆಯಾಗುತ್ತಾರೆ. ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸುವಾಗಲೇ ಇದನ್ನು ಗೊತ್ತುಮಾಡಿಕೊಳ್ಳಬಹುದು. ಸಂಗಾತಿಯನ್ನು ಕಳೆದುಕೊಂಡವರು, ಯಜಮಾನರು ದುಡಿಯಲು ಬೆಂಗಳೂರಿಗೆ ಹೋಗಿರುವ ತಾಯಂದಿರು ಈ ಗುಂಪಿನ ಹೊರಗೆ ಉಳಿಯಬಾರದು.

ಈಗ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯ, ಪಾದ. ಮಧುಮೇಹ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಜಾಲಿಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಚಪ್ಪಲಿಯೊಳಗಿನ ಹರಳು ಒತ್ತಿದರೂ ತಿಳಿಯುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ನೋಡುವುದಿಲ್ಲ. ನೋಡದ ಗಾಯ ಕೀವಾಗಿ, ಮೂಳೆಗೆ ಇಳಿದು, ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಿ ಬರುವುದುಂಟು. ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವುದು ಮಂಡಿ ಬಗ್ಗದ, ಕಣ್ಣು ಮಂಜಾದ ವಯಸ್ಸಿನಲ್ಲಿ ಕಷ್ಟ. ಆದ್ದರಿಂದ ನಡಿಗೆಯಿಂದ ಬಂದ ಮೇಲೆ ಪಾದ ತೊಳೆದು, ಒರೆಸಿ, ಬೆಳಕಿನಲ್ಲಿ ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಬೇಕು. ಬೆರಳುಗಳ ಸಂದು, ಹಿಮ್ಮಡಿಯ ಬಿರುಕು, ಬೊಕ್ಕೆ, ಬಣ್ಣ ಬದಲಾದ ಚರ್ಮ, ಇಷ್ಟನ್ನು ನೋಡಲು ಎರಡು ನಿಮಿಷ ಬೇಡ.

ಹೆಂಡತಿ ಗಂಡನ ಪಾದ ಮುಟ್ಟುವುದು ರೂಢಿಯಲ್ಲಿದೆ. ಹಬ್ಬದ ದಿನ ಮುಟ್ಟುತ್ತಾಳೆ, ವ್ರತದ ದಿನ ಮುಟ್ಟುತ್ತಾಳೆ. ಗಂಡ ಹೆಂಡತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡುವುದು ರೂಢಿಯಲ್ಲಿಲ್ಲ. ಆತ ಮುಟ್ಟಲು ಬಂದರೆ ಆಕೆಯೇ ಕಾಲು ಹಿಂದೆಳೆದುಕೊಳ್ಳುತ್ತಾಳೆ, ಪಾಪ ಬರುತ್ತದೆಂದು ಹೆದರುತ್ತಾಳೆ. ಮಗುವಿನ ಕಾಲಿನ ಮುಳ್ಳು ತೆಗೆಯುವಾಗ ಯಾವ ತಂದೆಯೂ ಈ ಲೆಕ್ಕ ಹಾಕುವುದಿಲ್ಲ. ಹೆಂಡತಿಯ ಹಿಮ್ಮಡಿಯ ಗಾಯವನ್ನು ಮೊದಲ ದಿನವೇ ಕಂಡ ಗಂಡ ಆಕೆಯ ಕಾಲನ್ನು ಉಳಿಸಿದಂತಾಗುತ್ತದೆ. ಗಾಯ ಕಂಡರೆ ಸುಣ್ಣ, ಅರಿಶಿನ ಮೆತ್ತಿ ಮೂರು ದಿನ ಕಾಯುವುದು ಬೇಡ. ಮರುದಿನವೇ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ತೋರಿಸಬೇಕು. ಬಿಸಿನೀರಿನಲ್ಲಿ ಕಾಲಿಡುವ ಮುನ್ನ ಜೊತೆಯವರು ಮೊಣಕೈಯಿಂದ ಬಿಸಿ ನೋಡಬೇಕು, ಏಕೆಂದರೆ ಮಂಕಾದ ಕಾಲಿಗೆ ಸುಡುವುದೂ ತಿಳಿಯದು. ನಡಿಗೆಗೆ ಹವಾಯಿ ಚಪ್ಪಲಿ ಸಾಲದು. ಹಿಮ್ಮಡಿಗೆ ಪಟ್ಟಿಯಿರುವ, ಬೆರಳು ಮುಚ್ಚುವ ಪಾದರಕ್ಷೆ ಇಬ್ಬರಿಗೂ ಬೇಕು. ಯಜಮಾನರ ಕಾಲಲ್ಲಿ ಶೂ, ತಾಯಿಯ ಕಾಲಲ್ಲಿ ಸವೆದ ಹವಾಯಿ, ಇದು ಬಹಳ ಕಡೆ ಕಾಣುವ ದೃಶ್ಯ.

ಈ ಮಾತು ಬಂದಾಗ ಕೊಟ್ಟೂರಿನ ಪಾದಯಾತ್ರೆಯನ್ನು ನೆನೆಯದಿರಲಾಗದು. ಮಾಘ ಮಾಸದಲ್ಲಿ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದಲೂ ಸುತ್ತಲಿನ ಸೀಮೆಗಳಿಂದಲೂ ಸಾವಿರಾರು ಜನ ನಡೆದೇ ಬರುತ್ತಾರೆ. ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೊ ಕೇಳುವವರೂ ಅಂದು ಹಗಲು ರಾತ್ರಿ ನಡೆಯುತ್ತಾರೆ. ಆದ್ದರಿಂದ ನಡೆಯಲು ಕಾಲಿಗೆ ಶಕ್ತಿಯಿಲ್ಲವೆಂಬ ಮಾತನ್ನು ಈ ಸೀಮೆಯಲ್ಲಿ ಯಾರೂ ಒಪ್ಪುವುದಿಲ್ಲ. ಎರಡು ಎಚ್ಚರಿಕೆ ಸಾಕು. ಒಮ್ಮೆ ನಡೆದ ನಡಿಗೆಯ ಫಲ ರಕ್ತದಲ್ಲಿ ಉಳಿಯುವುದು ಒಂದೆರಡು ದಿನ, ಮುಂದಿನ ಮಾಘದವರೆಗಲ್ಲ. ಇನ್ನು, ಪಾದ ಮಂಕಾದವರು ಬರಿಗಾಲಲ್ಲಿ ಹರಕೆ ತೀರಿಸಲು ಹೋಗಬಾರದು. ಪಾದರಕ್ಷೆ ಹಾಕಿ ನಡೆದ ಭಕ್ತನನ್ನು ಸ್ವಾಮಿ ಹಿಂದಕ್ಕೆ ಕಳಿಸಿದ ಕಥೆ ಎಲ್ಲಿಯೂ ಇಲ್ಲ.

ನಡಿಗೆಯಲ್ಲಿ ಜೊತೆಗಾರರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಸಕ್ಕರೆ ಕುಸಿಯುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಸೇವಿಸುವವರಿಗೆ ಈ ಅಪಾಯವಿದೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಕಡಿಮೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ಕೈನಡುಕ, ಎದೆಬಡಿತ, ವಿಪರೀತ ಹಸಿವು ಕಾಣಿಸುತ್ತವೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ನೋಡಿದವರು ಕುಡಿದಿದ್ದಾನೆಂದು ತಿಳಿದು ಬದಿಗೆ ಸರಿಯುತ್ತಾರೆ. ಮನುಷ್ಯನ ದಿನನಿತ್ಯದ ಮಾತು, ನಡೆ, ಸಿಟ್ಟು ಎಲ್ಲವನ್ನೂ ಬಲ್ಲ ಹೆಂಡತಿಗೆ ಮಾತ್ರ ಇದು ಬೇರೆಯೆಂದು ಕೂಡಲೇ ಹೊಳೆಯುತ್ತದೆ. ಅವಳ ಸೆರಗಿನ ಗಂಟಿನಲ್ಲಿ ಮೂರು ಚಮಚದಷ್ಟು ಸಕ್ಕರೆ ಇದ್ದರೆ ಆ ಹೊತ್ತಿಗೆ ಅದೇ ಔಷಧ. ಬಾಯಿಗೆ ಹಾಕಿ, ಕೂರಿಸಿ, ಹದಿನೈದು ನಿಮಿಷ ಕಾದು, ಸರಿಯಾಗದಿದ್ದರೆ ಮತ್ತೊಮ್ಮೆ ಕೊಟ್ಟು, ಚೇತರಿಸಿಕೊಂಡ ಮೇಲೆ ಒಂದಿಷ್ಟು ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕದೆ 108ಕ್ಕೆ ಕರೆ ಮಾಡಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಉಸಿರು ಕಟ್ಟಿದಂತಾದರೆ ಅಲ್ಲಿಯೇ ನಿಲ್ಲಬೇಕು. ಮನೆ ಹತ್ತಿರವಿದೆಯೆಂದು ನಡೆದು ಮುಗಿಸಬಾರದು. ನಡಿಗೆ ಆರಂಭಿಸಿದ ಮೇಲೆ ಸಂಖ್ಯೆ ಇಳಿಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಬೇಡ. ಕಡಿಮೆ ಮಾಡುವುದಾದರೆ ವೈದ್ಯರು ಮಾಡುತ್ತಾರೆ.

ಊಟದ ವಿಚಾರ ಒಂದೇ ಮಾತಿನಲ್ಲಿ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ತಿಳಿದದ್ದು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದು ತಮ್ಮ ಅಗತ್ಯಕ್ಕೆ ಮೀರಿದ್ದೆಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಆಕೆ ಹೇಳಿದ್ದು ಕಾಯಕ ತತ್ತ್ವವನ್ನು, ಸಕ್ಕರೆ ಕಾಯಿಲೆಯನ್ನಲ್ಲ. ಆದರೂ ತಟ್ಟೆಗೆ ಎರಡನೆಯ ಸಲ ಅನ್ನ ಬೀಳುವಾಗ ಸಾಕೆಂದು ಹೇಳುವ ಅಧಿಕಾರ ಹೆಂಡತಿಗಿದೆ ಎಂಬುದನ್ನೂ, ಅದನ್ನು ಕೇಳಿ ಹಿಂದಿರುಗಿದ ಗಂಡ ಮಾರಯ್ಯನೂ ಶರಣನೇ ಎಂಬುದನ್ನೂ ಈ ನಾಡು ಎಂಟು ನೂರು ವರ್ಷಗಳ ಹಿಂದೆಯೇ ಒಪ್ಪಿದೆ. ಆ ಅಧಿಕಾರ ಗಂಡನಿಗೂ ಇದೆ, ಆದರೆ ತಳದಲ್ಲಿ ಉಳಿದ ಅನ್ನವನ್ನು ಹೆಂಡತಿಗೆ ಬಿಟ್ಟು ಏಳುವವರು ಅದನ್ನು ಚಲಾಯಿಸುವುದು ಕಷ್ಟ.

ಕೊನೆಯದಾಗಿ ಪಂಚಾಯಿತಿಯ ಪಾಲಿನ ಕೆಲಸ. ಕತ್ತಲಲ್ಲಿ, ಹಾವಿನ ಭಯದಲ್ಲಿ, ನಾಯಿಗಳ ನಡುವೆ ನಡೆಯಿರೆಂದು ಹೇಳುವುದು ಯಾರಿಗೂ ಶೋಭೆಯಲ್ಲ. ಬೀದಿದೀಪದ ನಿರ್ವಹಣೆ ಗ್ರಾಮ ಪಂಚಾಯಿತಿಯ ಕರ್ತವ್ಯ, ಅದು ಉಪಕಾರವಲ್ಲ. ವಾರ್ಡ್ ಸಭೆಗಳಲ್ಲಿ ಚರಂಡಿ, ನಲ್ಲಿ, ಮನೆ ಪಟ್ಟಿಯ ಬೇಡಿಕೆಗಳು ಬರುತ್ತವೆ. ನಡೆಯಲು ಬೆಳಕಿರುವ ರಸ್ತೆ ಬೇಕೆಂಬ ಬೇಡಿಕೆ ಅಪರೂಪ. ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಶಾಲೆಯ ಮೈದಾನದ ಗೇಟು ತೆರೆದಿಡಲು ಶಾಲ್ಯಾಭಿವೃದ್ಧಿ ಸಮಿತಿಯೊಡನೆ ಮಾತಾಡಬಹುದು. ಅಲ್ಲಿ ಒಂದು ಬೆಂಚು, ಒಂದು ದೀಪ, ಕುಡಿಯುವ ನೀರಿನ ಒಂದು ನಲ್ಲಿ ಇದ್ದರೆ ಸಾಕು. ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ದಿನವನ್ನು ಆರೋಗ್ಯ ಸಿಬ್ಬಂದಿ ಮುಂಚಿತವಾಗಿ ಡಂಗುರದಲ್ಲಿ, ಪಂಚಾಯಿತಿಯ ಸೂಚನಾ ಫಲಕದಲ್ಲಿ ತಿಳಿಸಿದರೆ ಹೊಲಕ್ಕೆ ಹೋಗುವ ಮುನ್ನ ಇಬ್ಬರೂ ಬರಿ ಹೊಟ್ಟೆಯಲ್ಲಿ ಬಂದು ತೋರಿಸಿಕೊಳ್ಳಲು ಅನುಕೂಲ.

ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಅರ್ಜಿ ನಮೂನೆಗಳಿವೆ. ತಮ್ಮ ಓಣಿಯಲ್ಲಿ ದೀಪ ಉರಿಯದ ಕಂಬಗಳಿದ್ದರೆ ಇಂದು ರಾತ್ರಿ ಊಟದ ನಂತರ ಇಬ್ಬರೂ ನಡೆದು ಹೋಗಿ ಅವುಗಳ ಸಂಖ್ಯೆಯನ್ನು ಬರೆದುಕೊಂಡು, ನಾಳೆ ಅರ್ಜಿಯಲ್ಲಿ ನಮೂದಿಸಿ ಪಂಚಾಯಿತಿ ಕಚೇರಿಗೆ ಕೊಡಬೇಕಾಗಿ ಕೋರಿಕೆ. ಓಣಿಯ ಹೆಸರು ಮಾತ್ರ ಬರೆದ ಅರ್ಜಿಯಿಂದ ಯಾವ ಕಂಬವೆಂದು ಲೈನ್‌ಮನ್‌ಗೆ ತಿಳಿಯುವುದಿಲ್ಲ.